ಕೆಲಸ, ಮನೆ, ಬಸ್ಸಿನ ನಡುವೆ ಪ್ರೋಗ್ರಾಮಿಂಗ್ ಕಲಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಹಗಲಿಡೀ ಬೇರೆ ಕೆಲಸ ಮಾಡಿಕೊಂಡು ಪ್ರೋಗ್ರಾಮಿಂಗ್ ಕಲಿಯಲು ಹೊರಟವರಿಗಾಗಿ ಈ ಪುಟ. ಬ್ಯಾಂಕಿನವರು, ಮೆಡಿಕಲ್ ಶಾಪಿನವರು, ಟೀಚರ್‌ಗಳು, ಬೋಟಿನ ಲೆಕ್ಕ ಬರೆಯುವವರು, ಮಕ್ಕಳನ್ನು ಶಾಲೆಗೆ ಕಳಿಸಿ ಒಂದಿಷ್ಟು ಹೊತ್ತು ಉಳಿಸಿಕೊಳ್ಳುವ ಅಮ್ಮಂದಿರು ನನ್ನ ಬಳಿ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಹಾಕಿದ್ದೇನೆ. ನಾನು ಸಾಫ್ಟ್‌ವೇರ್ ಕೆಲಸದಲ್ಲಿ ಇರುವವನು, ಭಾನುವಾರಗಳಲ್ಲಿ ಹೊಸಬರಿಗೆ ಕಲಿಸುತ್ತೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಸೇರಿಕೊಂಡಿದೆ.

ದಿನಕ್ಕೆ ಎಷ್ಟು ಹೊತ್ತು ಕೂರಬೇಕು?

40 ನಿಮಿಷ ಸಾಕು. ವಾರಕ್ಕೆ ಐದು ದಿನ ಕೂತರೆ 3 ಗಂಟೆ 20 ನಿಮಿಷ ಆಯಿತು. ವರ್ಷಕ್ಕೆ 170 ಗಂಟೆಗಿಂತ ಜಾಸ್ತಿ. ಮದುವೆ, ಜ್ವರ, ಊರಿಗೆ ಹೋಗಿ ಬರುವುದು ಅಂತ ಮೂರನೇ ಒಂದು ಭಾಗ ಹೋದರೂ 110 ಗಂಟೆಯ ಮೇಲೆ ಉಳಿಯುತ್ತದೆ. ಅಷ್ಟರಲ್ಲಿ ಒಂದು ಪ್ರೋಗ್ರಾಮಿಂಗ್ ಭಾಷೆಯ ಬುನಾದಿ ಗಟ್ಟಿಯಾಗುತ್ತದೆ. ನಿಮ್ಮದೇ ಕೆಲಸಕ್ಕೆ ಬರುವ ಒಂದೆರಡು ಸಣ್ಣ ಪ್ರೋಗ್ರಾಂ ಕೂಡ ತಯಾರಾಗಿರುತ್ತದೆ.

ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದ್ದು ಇದೇ ಲೆಕ್ಕದ ಮೇಲೆ. ಏಜೆಂಟರು ದಿನಾ ಅಂಗಡಿಗೆ, ಮನೆಬಾಗಿಲಿಗೆ ಬಂದು ಎರಡಾಣೆ ಇದ್ದರೂ ತೆಗೆದುಕೊಂಡು ಹೋಗುತ್ತಿದ್ದರು. ತಿಂಗಳ ಕೊನೆಗೆ ಉಳಿದದ್ದನ್ನು ಕಟ್ಟುತ್ತೇನೆ ಅಂದವರಲ್ಲಿ ಏನೂ ಉಳಿಯುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಕಲಿಕೆಗೂ ಅದೇ ಮಾತು. "ಭಾನುವಾರ ಇಡೀ ದಿನ ಕೂರ್ತೇನೆ" ಅನ್ನುವವರ ಭಾನುವಾರಕ್ಕೆ ಒಂದು ಮದುವೆ ಬಿತ್ತು ಅಂದರೆ ಎರಡು ವಾರ ಖಾಲಿ ಹೋಗುತ್ತದೆ. ಅಷ್ಟರಲ್ಲಿ ಕಲಿತದ್ದೂ ಅರ್ಧ ಮರೆತಿರುತ್ತದೆ.

ಆದರೆ 40 ನಿಮಿಷದಲ್ಲಿ 20 ನಿಮಿಷ "ನಿನ್ನೆ ಎಲ್ಲಿ ಬಿಟ್ಟೆ" ಅಂತ ಹುಡುಕುವುದರಲ್ಲೇ ಹೋಗ್ತದೆ. ಎಂತ ಮಾಡುವುದು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ನಿಮಗಿದ್ದರೆ ಇದನ್ನು ಓದಿ.

ಕೆಲಸಕ್ಕೆ ಹೋಗುವವರ ಸಮಯ ಎಲ್ಲಕ್ಕಿಂತ ಹೆಚ್ಚು ಸೋರುವುದು ಮತ್ತೆ ಶುರುಮಾಡುವ ಹೊತ್ತಿನಲ್ಲಿ. ಲ್ಯಾಪ್‌ಟಾಪ್ ತೆರೆಯಬೇಕು, ಫೈಲ್ ಹುಡುಕಬೇಕು, ನಿನ್ನೆ ಯಾವ ಎರರ್ ಬಂದಿತ್ತು ಅಂತ ನೆನಪಿಸಬೇಕು. ಇಷ್ಟಾಗುವಾಗ ಕುಕ್ಕರ್ ಕೂಗುತ್ತದೆ, ಅಥವಾ ಮೇಲಧಿಕಾರಿಯ ಫೋನ್ ಬರುತ್ತದೆ. ಕಾಲೇಜಿನ ಹುಡುಗರು ನಾಲ್ಕು ಗಂಟೆ ಒಟ್ಟಿಗೆ ಕೂರುತ್ತಾರೆ, ಅವರಿಗೆ ಈ 20 ನಿಮಿಷ ದೊಡ್ಡದಲ್ಲ. ನಿಮಗೆ ಅದು ದಿನದ ಅರ್ಧ ಪಾಠ.

ಮಾಡಬೇಕಾದದ್ದು ಇಷ್ಟೇ. ಏಳುವ ಐದು ನಿಮಿಷ ಮೊದಲು ಕೆಲಸ ನಿಲ್ಲಿಸಿ. ಮೂರು ಸಾಲು ಬರೆಯಿರಿ: ಈಗ ಏನು ಸರಿಯಾಗಿ ನಡೆಯುತ್ತಿದೆ, ಎಲ್ಲಿ ಸಿಕ್ಕಿಬಿದ್ದಿದೆ, ನಾಳೆ ಕೂತ ಕೂಡಲೇ ಟೈಪ್ ಮಾಡಬೇಕಾದದ್ದು ಏನು. ಉದಾಹರಣೆಗೆ: "ಐದು ಔಷಧಿಯ ಹೆಸರು ಪ್ರಿಂಟ್ ಆಗ್ತಾ ಇದೆ. ದಿನಾಂಕ ಸೇರಿಸಿದರೆ ಎರರ್. ನಾಳೆ ಮೊದಲು: ದಿನಾಂಕ ಒಂದನ್ನೇ ಬೇರೆ ಫೈಲಿನಲ್ಲಿ ಹಾಕಿ ನೋಡುವುದು."

ಇದನ್ನು ಡೈರಿಯಲ್ಲಿ ಬರೆಯಬೇಡಿ, ಪ್ರೋಗ್ರಾಂನ ಫೈಲಿನಲ್ಲೇ ಎಲ್ಲಕ್ಕಿಂತ ಮೇಲೆ ಬರೆಯಿರಿ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ # ಚಿಹ್ನೆಯಿಂದ ಶುರುವಾಗುವ ಸಾಲನ್ನು ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಸಾಲು ನಿಮಗಾಗಿ. ಕನ್ನಡದಲ್ಲೇ ಬರೆಯಬಹುದು. ಮರುದಿನ ಫೈಲ್ ತೆರೆದ ಕೂಡಲೇ ಮೊದಲು ಕಣ್ಣಿಗೆ ಬೀಳುವುದು ಅದೇ.

ಇನ್ನೊಂದು ಉಪಾಯ: ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡದೆ ಸೇವ್ ಮಾಡಿ ಹಾಗೇ ಮುಚ್ಚಿಡಿ. ತೆರೆದಾಗ ಅದೇ ಪರದೆ ಎದುರಿಗಿರಬೇಕು. ನನ್ನ ಬಳಿ ಬರುವವರಲ್ಲಿ ಯಾರು ಮುಂದೆ ಹೋಗುತ್ತಾರೆ, ಯಾರು ಬಿಡುತ್ತಾರೆ ಅನ್ನುವುದು ಬುದ್ಧಿಗಿಂತ ಹೆಚ್ಚಾಗಿ ಈ ಮೂರು ಸಾಲಿನ ಅಭ್ಯಾಸದ ಮೇಲೆ ನಿಂತಿರುವುದನ್ನು ನೋಡಿದ್ದೇನೆ.

ಬೆಳಿಗ್ಗೆ ಒಳ್ಳೆಯದೋ, ರಾತ್ರಿಯೋ?

ನನ್ನ ಓಟು ಬೆಳಿಗ್ಗೆಗೆ. ರಾತ್ರಿ ಹನ್ನೊಂದಕ್ಕೆ ಬಂದ ಎರರ್ ಬೆಟ್ಟದಷ್ಟು ಕಾಣುತ್ತದೆ. ಬೆಳಿಗ್ಗೆ ನೋಡಿದರೆ ಒಂದು ಕೋಲನ್ (:) ಬಿಟ್ಟುಹೋಗಿರುತ್ತದೆ, ಅಷ್ಟೇ. ಆದರೆ ಹೋಟೆಲ್, ಆಸ್ಪತ್ರೆ, ಕಾಲ್ ಸೆಂಟರ್ ಶಿಫ್ಟಿನವರಿಗೆ ಬೆಳಿಗ್ಗೆ ಅನ್ನುವುದೇ ವಾರಕ್ಕೊಮ್ಮೆ ಬದಲಾಗುತ್ತದೆ. ಅಂಥವರು ಗಡಿಯಾರದ ಹೊತ್ತು ನಿಗದಿ ಮಾಡುವುದಕ್ಕಿಂತ "ಎದ್ದು ಕಾಫಿ ಕುಡಿದ ಮೇಲೆ", "ಸ್ನಾನ ಮಾಡುವ ಮೊದಲು" ಅಂತ ಇಟ್ಟುಕೊಳ್ಳಲಿ. ಶಿಫ್ಟ್ ಬದಲಾದರೂ ಕಾಫಿ ತಪ್ಪುವುದಿಲ್ಲ ಅಲ್ವಾ?

ನಿದ್ದೆ ಕಡಿಮೆ ಮಾಡಿ ಕಲಿಯಬೇಡಿ. ಅದು ಒಂದು ವಾರ ನಡೆದೀತು.

ಹಾಗಾದರೆ ಏನನ್ನು ಬಿಡುವುದು?

ಯಕ್ಷಗಾನ ಮೇಳದ ಆಟ ಬಿಡಬೇಡಿ, ಸಂಜೆ ಮಕ್ಕಳೊಟ್ಟಿಗೆ ಆಡುವುದನ್ನೂ ಬಿಡಬೇಡಿ. ಮೊದಲು ಫೋನಿನ ಸೆಟ್ಟಿಂಗ್‌ನಲ್ಲಿ ಯಾವ ಆಪ್‌ಗೆ ದಿನಕ್ಕೆ ಎಷ್ಟು ಹೊತ್ತು ಹೋಗುತ್ತಿದೆ ಅಂತ ನೋಡಿ. ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ ಆ ಲೆಕ್ಕ ಸಿಗುತ್ತದೆ. ಹೆಚ್ಚಿನವರಿಗೆ 40 ನಿಮಿಷ ಅಲ್ಲೇ ಸಿಕ್ಕಿಬಿಡುತ್ತದೆ.

ದಿನಾ ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರ್ತೇನೆ. ಆ ಹೊತ್ತು ಉಪಯೋಗಕ್ಕೆ ಬರ್ತದಾ?

ಬರುತ್ತದೆ, ಆದರೆ ಕೋಡ್ ಬರೆಯುವುದಕ್ಕಲ್ಲ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಂದು ಕಡೆಗೆ ಹತ್ತಿರ ಹತ್ತಿರ ಒಂದೂವರೆ ಗಂಟೆ. ಆ ಕುಲುಕಾಟದಲ್ಲಿ ಫೋನಿನ ಸಣ್ಣ ಕೀಬೋರ್ಡಿನಲ್ಲಿ ಬ್ರಾಕೆಟ್, ಕೋಲನ್ ಹುಡುಕಿ ಒತ್ತುವುದು ಹಿಂಸೆ. ಬಸ್ಸನ್ನು ಓದುವುದಕ್ಕೆ ಇಟ್ಟುಕೊಳ್ಳಿ.

ಹೀಗೆ ಮಾಡಿ. ಬೆಳಿಗ್ಗೆ ಹೊರಡುವ ಮೊದಲು ಹತ್ತು ಹದಿನೈದು ಸಾಲಿನ ಒಂದು ಪ್ರೋಗ್ರಾಂನ ಫೋಟೊ ತೆಗೆದುಕೊಳ್ಳಿ, ಅಥವಾ ಕಾಗದದಲ್ಲಿ ಬರೆದುಕೊಳ್ಳಿ. ಕಾಪು ದಾಟುವಷ್ಟರಲ್ಲಿ ಒಂದೊಂದೇ ಸಾಲು ಓದಿ. ಪಡುಬಿದ್ರಿ, ಮೂಲ್ಕಿ ಬರುವಾಗ ಇದನ್ನು ಓಡಿಸಿದರೆ ಪರದೆಯ ಮೇಲೆ ಏನು ಬರಬಹುದು ಅಂತ ಮನಸ್ಸಿನಲ್ಲೇ ಹೇಳಿಕೊಳ್ಳಿ. ಮನೆಗೆ ಬಂದು ಓಡಿಸಿ ನೋಡಿ. ನಿಮ್ಮ ಊಹೆ ತಪ್ಪಿದ ಜಾಗ ಯಾವುದೋ ಅದೇ ಅಂದಿನ ಪಾಠ. ಕೋಡ್ ಓದಿ ಅದರ ನಡೆ ಊಹಿಸುವುದು ಈ ಕೆಲಸದ ಅರ್ಧ ಭಾಗ, ಮತ್ತು ಅದನ್ನು ಯಾರೂ ಬೇರೆಯಾಗಿ ಕಲಿಸುವುದಿಲ್ಲ.

ಸುರತ್ಕಲ್‌ನಿಂದ ಮುಂದೆ ನಿಂತೇ ಬರುವ ದಿನ ಸುಮ್ನೆ ಕಿಟಕಿಯ ಹೊರಗೆ ನೋಡಿ. ಸಿಕ್ಕಿಬಿದ್ದ ಸಮಸ್ಯೆ ಎಷ್ಟೋ ಸಲ ಕೂಳೂರು ಸೇತುವೆಯ ಮೇಲೆ ತಾನಾಗಿ ಬಿಡಿಸಿಕೊಳ್ಳುತ್ತದೆ.

ಯಾವ ಭಾಷೆಯಿಂದ ಶುರುಮಾಡಬೇಕು?

ಪೈಥಾನ್. ಗೀಡೊ ವಾನ್ ರಾಸಮ್ ಇದನ್ನು 1991ರಲ್ಲಿ ಹೊರತಂದರು. ಓದಲು ಸುಲಭ, ಉಚಿತ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ವೆಬ್‌ಸೈಟ್ ಮಾಡುವುದೇ ನಿಮ್ಮ ಆಸೆ ಆಗಿದ್ದರೆ ಪುಟ ಕಟ್ಟುವ ಎಚ್‌ಟಿಎಂಎಲ್, ಅದಕ್ಕೆ ಅಂದ ಕೊಡುವ ಸಿಎಸ್‌ಎಸ್ ಜೊತೆ ಜಾವಾಸ್ಕ್ರಿಪ್ಟ್ ಹಿಡಿಯಿರಿ. ದಿನವಿಡೀ ಗೂಗಲ್ ಶೀಟ್‌ನಲ್ಲೇ ಇರುವವರಿಗೂ ಜಾವಾಸ್ಕ್ರಿಪ್ಟ್ ಒಳ್ಳೆಯದು, ಏಕೆಂದರೆ ಶೀಟ್‌ನ ಒಳಗೆ ಓಡುವ ಆಪ್ಸ್ ಸ್ಕ್ರಿಪ್ಟ್ ಅದೇ ಭಾಷೆ. ಯಾವುದು ಅನ್ನುವ ಚರ್ಚೆಯಲ್ಲಿ ತಿಂಗಳು ಕಳೆಯಬೇಡಿ. ಆರಿಸಿದ ಮೇಲೆ ಆರು ತಿಂಗಳು ಬದಲಾಯಿಸಬೇಡಿ.

ಬುನಾದಿ ಕಲಿತೆ. ಇನ್ನು ಏನು ಮಾಡುವುದು ಅಂತ ಗೊತ್ತಾಗ್ತಾ ಇಲ್ಲ.

ನಿಮ್ಮ ಕೆಲಸದಲ್ಲಿ ಬೇಸರ ತರಿಸುವ, ವಾರವಾರವೂ ಮಾಡಬೇಕಾದ ಒಂದನ್ನು ತೆಗೆದುಕೊಳ್ಳಿ. ಪುರುಸೊತ್ತು ಕಡಿಮೆ ಇರುವವರಿಗೆ ಇದೇ ಸರಿಯಾದ ದಾರಿ. ಏಕೆಂದರೆ ಆ ಕೆಲಸದ ಒಳಹೊರಗು ನಿಮಗೆ ಆಗಲೇ ಗೊತ್ತು, ಹೊಸತಾಗಿ ಕಲಿಯಬೇಕಾದದ್ದು ಕೋಡ್ ಮಾತ್ರ.

ಮೆಡಿಕಲ್ ಶಾಪ್ ಒಂದರ ಕೆಲಸ ನೋಡೋಣ. ಮುಂದಿನ ಮೂರು ತಿಂಗಳಲ್ಲಿ ಎಕ್ಸ್‌ಪೈರಿ ಆಗುವ ಔಷಧಿಗಳನ್ನು ಬೇರೆ ಮಾಡಿ ವಾಪಸ್ ಕಳಿಸಬೇಕು. ಕಪಾಟಿನಿಂದ ಕಪಾಟಿಗೆ ಹೋಗಿ ಪಟ್ಟಿ ಮಾಡುವುದು ಅಂದರೆ ಒಂದು ಮಧ್ಯಾಹ್ನ ಇಡೀ ಹೋಗುತ್ತದೆ. ಇದನ್ನೇ 40 ನಿಮಿಷದ ತುಂಡುಗಳಾಗಿ ಕತ್ತರಿಸಿ.

ಮೊದಲ ದಿನ ಐದು ಔಷಧಿಯ ಹೆಸರು ಟೈಪ್ ಮಾಡಿ, ಒಂದರ ಕೆಳಗೆ ಒಂದು ಪ್ರಿಂಟ್ ಮಾಡಿ. ಅಂದಿಗೆ ಅಷ್ಟೇ. ಎರಡನೇ ದಿನ ಒಂದೊಂದಕ್ಕೂ ದಿನಾಂಕ ಸೇರಿಸಿ. ಮೂರನೇ ದಿನ ಔಷಧಿಯ ಸುದ್ದಿಯೇ ಬೇಡ: ಇವತ್ತಿನ ದಿನಾಂಕವನ್ನು ಕಂಪ್ಯೂಟರಿನಿಂದಲೇ ಪಡೆಯುವುದು, ಎರಡು ದಿನಾಂಕಗಳ ನಡುವೆ ಎಷ್ಟು ದಿನ ಇದೆ ಅಂತ ಕಳೆಯುವುದು, ಇಷ್ಟನ್ನೇ ಕಲಿಯಿರಿ. ಪೈಥಾನ್‌ನ ಡೇಟ್‌ಟೈಮ್ ಅನ್ನುವ ಮಾಡ್ಯೂಲ್‌ನಲ್ಲಿ (ಪೈಥಾನ್ ಜೊತೆಗೇ ಬರುವ ಸಿದ್ಧ ಕೋಡಿನ ಕಟ್ಟು) ಒಂದು ದಿನಾಂಕದಿಂದ ಇನ್ನೊಂದನ್ನು ಕಳೆದರೆ ದಿನಗಳ ಲೆಕ್ಕ ಬರುತ್ತದೆ. ನಾಲ್ಕನೇ ದಿನ ಎರಡನ್ನೂ ಜೋಡಿಸಿ: ಉಳಿದ ದಿನ 90ಕ್ಕಿಂತ ಕಡಿಮೆ ಇದ್ದರೆ ಮಾತ್ರ ಪ್ರಿಂಟ್ ಮಾಡು. ಆ ಸಂಜೆ ಐದರಲ್ಲಿ ಎರಡು ಹೆಸರು ಮಾತ್ರ ಪರದೆಯ ಮೇಲೆ ಬಂದಾಗ ಆಗುವ ಖುಷಿ ಬೇರೆಯೇ.

ಆಮೇಲೆ ನಿಜವಾದ ಪಟ್ಟಿ. ಎಕ್ಸೆಲ್‌ನಲ್ಲಿ ಇರುವುದನ್ನು ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರೆ ಮಾಡಿದ ಬರೀ ಅಕ್ಷರಗಳ ಪಟ್ಟಿ) ಆಗಿ ಸೇವ್ ಮಾಡಿ ಪೈಥಾನ್‌ನಿಂದ ಓದಿಸಿ. ಇಲ್ಲೊಂದು ಗುಂಡಿ ಇದೆ. ಫೈಲಿನಿಂದ ಬಂದ ದಿನಾಂಕ ಕಂಪ್ಯೂಟರಿಗೆ ದಿನಾಂಕ ಅಲ್ಲ, ಬರೀ ಅಕ್ಷರಗಳ ಸಾಲು. ಹಾಗೇ ಜೋಡಿಸಿದರೆ 05-11-2026 ಅನ್ನುವುದು 20-02-2026ಕ್ಕಿಂತ ಮೊದಲು ಬರುತ್ತದೆ, ಏಕೆಂದರೆ 0 ಅನ್ನುವುದು 2ಕ್ಕಿಂತ ಮೊದಲು. ನವೆಂಬರ್ ಫೆಬ್ರವರಿಗಿಂತ ಮೊದಲೇ ಬಂದು ನಿಂತಿತು! ಅಕ್ಷರದ ಸಾಲನ್ನು ದಿನಾಂಕವಾಗಿ ಬದಲಾಯಿಸಬೇಕು. ಹಾಗೆ ಮಾಡುವಾಗ ಮೊದಲು ದಿನ, ಆಮೇಲೆ ತಿಂಗಳು, ಆಮೇಲೆ ವರ್ಷ ಅಂತ ಹೇಳಿಕೊಡಬೇಕು. ಇದಕ್ಕೆ ಎರಡು ಮೂರು ದಿನ ಹಿಡಿಯಲಿ, ಅವಸರ ಬೇಡ.

ಎರಡು ಮೂರು ವಾರದಲ್ಲಿ ಅಂಗಡಿಗೆ ನಿಜವಾಗಿ ಬೇಕಾದ ಒಂದು ಪ್ರೋಗ್ರಾಂ ತಯಾರಾಯಿತು. ದಾರಿಯಲ್ಲಿ ಲಿಸ್ಟ್, ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು), ಷರತ್ತು, ಫೈಲ್, ದಿನಾಂಕ ಎಲ್ಲ ಬಂದುಹೋಯಿತು. ಬೋಟಿನ ಡೀಸೆಲ್ ಲೆಕ್ಕ, ಶಾಲೆಯ ಹಾಜರಿ, ಸಂಘದ ಸಾಲದ ಕಂತು ಇವನ್ನೂ ಹೀಗೇ ತುಂಡು ಮಾಡಬಹುದು.

20 ಮತ್ತು 30 ಕೂಡಿಸಲು ಹೇಳಿದೆ, 2030 ಅಂತ ಬಂತು. ಕಂಪ್ಯೂಟರ್ ಹಾಳಾಗಿದೆಯಾ?

ಇಲ್ಲ. ಹೊಸಬರಲ್ಲಿ ಹೆಚ್ಚಿನವರು ಇದನ್ನು ಕಂಡಿರುತ್ತಾರೆ. ಪೈಥಾನ್‌ನಲ್ಲಿ ಇನ್‌ಪುಟ್ ಅನ್ನುವ ಫಂಕ್ಷನ್ (ಒಂದು ಕೆಲಸ ಮಾಡಿಕೊಡುವ ಸಿದ್ಧ ಆಜ್ಞೆ) ಕೀಬೋರ್ಡಿನಿಂದ ಏನೇ ಬಂದರೂ ಅಕ್ಷರವಾಗಿಯೇ ಕೊಡುತ್ತದೆ. ಅಕ್ಷರಗಳ ನಡುವೆ + ಹಾಕಿದರೆ ಅಂಟಿಸು ಅಂತ ಅರ್ಥ. "20" ಪಕ್ಕದಲ್ಲಿ "30" ಅಂಟಿಸಿದರೆ 2030. ಮೊದಲು ಇಂಟ್ ಅನ್ನುವ ಫಂಕ್ಷನ್‌ನಿಂದ ಅದನ್ನು ಸಂಖ್ಯೆ ಮಾಡಿಕೊಳ್ಳಿ, ಆಗ 50 ಬರುತ್ತದೆ.

ಹಣದ ಲೆಕ್ಕ ಬರೆಯುವವರು ಇನ್ನೊಂದನ್ನೂ ನೋಡಿಕೊಳ್ಳಿ. ಪೈಥಾನ್‌ನಲ್ಲಿ 0.1 + 0.2 ಹಾಕಿದರೆ 0.30000000000000004 ಅಂತ ಬರುತ್ತದೆ. ಕಂಪ್ಯೂಟರ್ ದಶಮಾಂಶಗಳನ್ನು ಒಳಗೆ 0 ಮತ್ತು 1 ಮಾತ್ರ ಇರುವ ಎರಡರ ಲೆಕ್ಕದಲ್ಲಿ ಇಡುತ್ತದೆ, ಅದರಲ್ಲಿ 0.1 ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಹಣವನ್ನು ಪೈಸೆಯಲ್ಲಿ ಪೂರ್ಣ ಸಂಖ್ಯೆಯಾಗಿ ಇಟ್ಟು, ತೋರಿಸುವಾಗ ಮಾತ್ರ ರೂಪಾಯಿ ಮಾಡಿ. ಅಥವಾ ಡೆಸಿಮಲ್ ಮಾಡ್ಯೂಲ್ ಬಳಸಿ. ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಇದು ಎಷ್ಟು ಮುಖ್ಯ ಅಂತ ನಾನು ಹೇಳಬೇಕಾಗಿಲ್ಲ.

ವೀಡಿಯೊ ನೋಡುವಾಗ ಎಲ್ಲ ಅರ್ಥ ಆಗ್ತದೆ. ಬರೆಯಲು ಕೂತರೆ ಕೈ ಓಡುವುದಿಲ್ಲ.

ನೋಡುವುದು ಮತ್ತು ಮಾಡುವುದು ಬೇರೆ ಬೇರೆ. 40 ನಿಮಿಷದಲ್ಲಿ ಹತ್ತಕ್ಕಿಂತ ಜಾಸ್ತಿ ವೀಡಿಯೊಗೆ ಕೊಡಬೇಡಿ. ಅವರು ಬರೆದದ್ದನ್ನು ನೋಡಿ, ವೀಡಿಯೊ ಮುಚ್ಚಿ, ನೆನಪಿನಿಂದ ಬರೆಯಿರಿ. ನಿಂತುಹೋದರೆ ಮತ್ತೆ ತೆರೆಯಿರಿ. ಕಾಪಿ ಪೇಸ್ಟ್ ಬೇಡ, ಒಂದೊಂದು ಕೋಲನ್ ಕೂಡ ನಿಮ್ಮ ಬೆರಳಿನಿಂದಲೇ ಬರಲಿ. ವೇಗ ಎರಡು ಪಟ್ಟು ಮಾಡಿ ಪಾಠ ಮುಗಿಸುವವರೂ ಇದ್ದಾರೆ. ಅವರ ಪಾಠ ಮುಗಿಯುತ್ತದೆ, ಕಲಿಕೆ ಆಗುವುದಿಲ್ಲ.

ಲ್ಯಾಪ್‌ಟಾಪ್ ಇಲ್ಲ. ಮೊಬೈಲಿನಲ್ಲೇ ಕಲಿಯಬಹುದಾ?

ಶುರುಮಾಡಬಹುದು. ಪೈಡ್ರಾಯ್ಡ್ 3 ಅನ್ನುವ ಆಪ್ ಆಂಡ್ರಾಯ್ಡ್ ಫೋನಿನಲ್ಲಿ ಇಂಟರ್ನೆಟ್ ಇಲ್ಲದೆಯೂ ಪೈಥಾನ್ ಓಡಿಸುತ್ತದೆ. ಬ್ಲೂಟೂತ್ ಕೀಬೋರ್ಡ್ ಒಂದು ಸಿಕ್ಕಿದರೆ ಕಷ್ಟ ಅರ್ಧ ಕಡಿಮೆ ಆಗುತ್ತದೆ. ಆದರೆ ನಾಲ್ಕೈದು ತಿಂಗಳ ನಂತರ ದೊಡ್ಡ ಪರದೆ ಬೇಕೇ ಬೇಕು. ಹೊಸದನ್ನೇ ಕೊಳ್ಳಬೇಕೆಂದಿಲ್ಲ. 4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಹಗುರವಾದ ಲಿನಕ್ಸ್ ಹಾಕಿದರೆ ಕಲಿಯಲು ಧಾರಾಳ ಸಾಕು.

ವರ್ಷದಲ್ಲಿ ಯಾವಾಗ ಶುರುಮಾಡುವುದು ಒಳ್ಳೆಯದು?

ಈ ಪ್ರಶ್ನೆ ನನಗೆ ಬಹಳ ಇಷ್ಟ. ವಾರದ ಟೈಮ್‌ಟೇಬಲ್ ಎಲ್ಲರೂ ಹಾಕುತ್ತಾರೆ, ವರ್ಷದ್ದನ್ನು ಯಾರೂ ಯೋಚಿಸುವುದಿಲ್ಲ.

ನಮ್ಮ ತುಳುನಾಡಿನಲ್ಲಿ ವರ್ಷ ತಾನಾಗಿಯೇ ಎರಡು ಭಾಗ ಆಗಿದೆ. ಮೇ ಕೊನೆಯ ವಾರದ ಹೊತ್ತಿಗೆ ಪತ್ತನಾಜೆ. ಅದು ಕಳೆದರೆ ದೈವಗಳ ನೇಮ, ಕೋಲ ನಿಲ್ಲುತ್ತದೆ, ಮೇಳಗಳ ತಿರುಗಾಟ ಮುಗಿಯುತ್ತದೆ, ಮದುವೆಯೂ ಕಡಿಮೆ ಆಗುತ್ತದೆ. ಹೊರಗೆ ಧೋ ಅಂತ ಮಳೆ. ಸಂಜೆ ಎಲ್ಲಿಗೂ ಹೋಗಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಈ ನಾಲ್ಕು ತಿಂಗಳನ್ನು ಹೊಸ ವಿಷಯ ಕಲಿಯಲು ಇಟ್ಟುಕೊಳ್ಳಿ. ನವೆಂಬರ್‌ನಿಂದ ಮೇ ವರೆಗೆ ಊರಿಡೀ ಜಾತ್ರೆ, ಆಟ, ಮದುವೆ. ಆಗ ಹೊಸದು ಬೇಡ, ಕಲಿತದ್ದನ್ನು ಬಳಸಿ ಸಣ್ಣದೊಂದು ಪ್ರೋಗ್ರಾಂ ಮುಂದುವರಿಸಿದರೆ ಸಾಕು.

ಕೆಲಸದ ಪ್ರಕಾರವೂ ನೋಡಿಕೊಳ್ಳಿ. ಮಲ್ಪೆ, ಮಂಗಳೂರು ಬಂದರಿನಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಆ ಲೆಕ್ಕ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇಲ್ಲ. ಬ್ಯಾಂಕಿನವರು ಮಾರ್ಚ್‌ನಲ್ಲಿ ಶುರುಮಾಡಲೇಬೇಡಿ. ಟ್ಯಾಕ್ಸ್ ಆಫೀಸಿನಲ್ಲಿ ಇರುವವರು ರಿಟರ್ನ್ ಸೀಸನ್ ಮುಗಿಯಲಿ. ಟೀಚರ್‌ಗಳು ಪರೀಕ್ಷೆಯ ಮೌಲ್ಯಮಾಪನ ಬಿಟ್ಟು ಉಳಿದ ತಿಂಗಳು ಹಿಡಿಯಿರಿ.

ಮಳೆಗಾಲಕ್ಕೆ ಒಂದು ತಯಾರಿ ಬೇಕು. ಗಾಳಿಗೆ ಕಂಬ ಬಿದ್ದರೆ ಹಳ್ಳಿ ಕಡೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಪಾಠದ ವೀಡಿಯೊಗಳನ್ನು, ಪೈಥಾನ್‌ನ ಕೈಪಿಡಿಯನ್ನು ಮೇ ತಿಂಗಳಲ್ಲೇ ಡೌನ್‌ಲೋಡ್ ಮಾಡಿಡಿ. ಬ್ಯಾಟರಿ ಸತ್ತ ದಿನ ಕಾಗದದ ಮೇಲೆ ಪ್ರೋಗ್ರಾಂ ಬರೆಯಿರಿ.

ಒಂದು ತಿಂಗಳು ಬಿಟ್ಟೇಬಿಟ್ಟೆ. ಮತ್ತೆ ಮೊದಲಿನಿಂದ ಶುರುಮಾಡಬೇಕಾ?

ಬೇಡ. ಮೊದಲಿನಿಂದ ಶುರುಮಾಡುವವರು ಮೊದಲ ನಾಲ್ಕು ಪಾಠವನ್ನೇ ಹತ್ತು ಸಲ ಕಲಿಯುತ್ತಾರೆ. ಬಿಟ್ಟ ಜಾಗದ ಫೈಲ್ ತೆರೆಯಿರಿ, ಮೇಲಿನ ಮೂರು ಸಾಲು ಓದಿ, ಹಳೆಯ ಪ್ರೋಗ್ರಾಂ ಒಂದನ್ನು ನೋಡದೆ ಮತ್ತೆ ಬರೆಯಲು ಪ್ರಯತ್ನಿಸಿ. ಮರೆತದ್ದು ಯಾವುದು ಅಂತ ಅದೇ ಹೇಳುತ್ತದೆ. ಅದನ್ನಷ್ಟೇ ತಿರುಗಿ ಓದಿ.

ಮನೆಯಲ್ಲಿ ಕೂತರೆ ಯಾರಾದರೂ ಕರೀತಾರೆ. ಸಣ್ಣ ಮಕ್ಕಳಿದ್ದಾರೆ.

ಈ ಪ್ರಶ್ನೆ ಕೇಳುವವರಲ್ಲಿ ಹೆಂಗಸರೇ ಜಾಸ್ತಿ. ಗಂಡಸರು ಬಾಗಿಲು ಹಾಕಿಕೊಂಡು ಕೂತರೆ "ಏನೋ ಕೆಲಸ ಇದೆ" ಅನ್ನುವ ಮನೆ, ಅದೇ ಹೆಂಗಸು ಕೂತರೆ ಸಾಂಬಾರಿಗೆ ಉಪ್ಪು ಹಾಕಿದ್ದೀಯಾ ಅಂತ ಕೇಳುತ್ತದೆ. ಇದಕ್ಕೆ ಟೈಮ್‌ಟೇಬಲ್ ಹಾಕಿ ಪ್ರಯೋಜನ ಇಲ್ಲ. ಮನೆಯವರ ಬಳಿ ಬಾಯಿ ಬಿಟ್ಟು ಮಾತಾಡಬೇಕು: ಇಷ್ಟರಿಂದ ಇಷ್ಟರವರೆಗೆ ಮಗು ನಿಮ್ಮ ಜವಾಬ್ದಾರಿ, ಅಡುಗೆಮನೆ ಕೂಡ. ಗಂಡ, ಅತ್ತೆ, ದೊಡ್ಡ ಮಗ ಯಾರೇ ಆಗಲಿ, ಅದನ್ನು ಒಪ್ಪಿಕೊಳ್ಳಲಿ. ಇದು ಕೇಳಿ ಪಡೆಯಬೇಕಾದ ಉಪಕಾರ ಅಂತ ನನಗೆ ಅನ್ನಿಸುವುದಿಲ್ಲ.

ಮಗು ಮಲಗಿದ ಹೊತ್ತು ಮಾತ್ರ ಸಿಗುವುದಾದರೆ 40 ನಿಮಿಷವನ್ನು 20, 20 ಆಗಿ ಒಡೆಯಿರಿ. ಆಗ ಆ ಮೂರು ಸಾಲು ಬರೆಯುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ, ಮಧ್ಯದಲ್ಲೇ ಬರೆಯುತ್ತಾ ಇರಿ. ಮಗು ಯಾವಾಗ ಏಳುತ್ತದೆ ಅಂತ ಯಾರಿಗೆ ಗೊತ್ತು?

ಕನ್ನಡ ಮೀಡಿಯಂನಲ್ಲಿ ಓದಿದ್ದು. ಇಂಗ್ಲಿಷ್ ಸಾಲದು.

ಪೈಥಾನ್‌ ತನಗಾಗಿ ಇಟ್ಟುಕೊಂಡ ಮೀಸಲು ಪದಗಳು 35. ಇಫ್, ಎಲ್ಸ್, ಫಾರ್, ವೈಲ್ ಅಂಥವು. ಮೊದಲ ತಿಂಗಳಲ್ಲಿ ಹದಿನೈದು ಬಂದರೆ ಹೆಚ್ಚು. ಪ್ರೋಗ್ರಾಂನಲ್ಲಿ ಬೆಲೆ, ದಿನಾಂಕ ಅಂಥವಕ್ಕೆ ಹೆಸರುಗಳನ್ನು ನೀವೇ ಇಡುವುದರಿಂದ ಕನ್ನಡದಲ್ಲೂ ಇಡಬಹುದು. ಪೈಥಾನ್ 3ರಲ್ಲಿ ಬೆಲೆ = 20 ಅಂತ ಕನ್ನಡ ಅಕ್ಷರದಲ್ಲೇ ಬರೆದರೂ ಅದು ಓಡುತ್ತದೆ. ಅಭ್ಯಾಸಕ್ಕೆ ಹಾಗೆ ಮಾಡಿ, ಬೇರೆಯವರೊಟ್ಟಿಗೆ ಕೆಲಸ ಮಾಡುವಾಗ ಇಂಗ್ಲಿಷ್ ಹೆಸರು ಇಡಿ.

ತೊಂದರೆ ಕೊಡುವುದು ಎರರ್ ಸಂದೇಶ. ಕೆಂಪು ಅಕ್ಷರದ ಉದ್ದ ಪಟ್ಟಿ ನೋಡಿ ಹೆದರಬೇಡಿ. ಕೊನೆಯ ಸಾಲನ್ನು ಮೊದಲು ಓದಿ. ಅಲ್ಲಿ ತಪ್ಪಿನ ಜಾತಿ ಇರುತ್ತದೆ. ನೇಮ್‌ಎರರ್ ಅಂದರೆ ಆ ಹೆಸರು ಕಂಪ್ಯೂಟರಿಗೆ ಗೊತ್ತಿಲ್ಲ, ಹೆಚ್ಚಾಗಿ ಸ್ಪೆಲ್ಲಿಂಗ್ ತಪ್ಪಿರುತ್ತದೆ. ಇಂಡೆಂಟೇಷನ್‌ಎರರ್ ಅಂದರೆ ಸಾಲಿನ ಮೊದಲು ಬಿಟ್ಟ ಜಾಗ ಹೆಚ್ಚುಕಡಿಮೆ ಆಗಿದೆ. ಹತ್ತು ಜಾತಿಯ ಎರರ್ ಗುರುತು ಹಿಡಿದರೆ ದಿನನಿತ್ಯದ ಕೆಲಸ ನಡೆಯುತ್ತದೆ.

ಗಣಿತದಲ್ಲಿ ಹಿಂದೆ. ವಯಸ್ಸೂ 40 ದಾಟಿದೆ.

ಕೂಡುವುದು, ಕಳೆಯುವುದು, ಶೇಕಡಾ ಗೊತ್ತಿದ್ದರೆ ಶುರುವಿಗೆ ಸಾಕು. ವಯಸ್ಸು ಅಡ್ಡಿ ಅಲ್ಲ. ಕೆಲಸ ಗೊತ್ತಿರುವವರು ಸಮಸ್ಯೆಯನ್ನು ಬೇಗ ಬಿಡಿಸಿ ಹೇಳುತ್ತಾರೆ.

ಕೋಚಿಂಗ್ ಕ್ಲಾಸಿಗೆ ಸೇರಬೇಕಾ?

ಮೊದಲ ಮೂರು ತಿಂಗಳು ಬೇಡ. ಉಚಿತವಾಗಿ ಒಳ್ಳೆಯದು ಬೇಕಾದಷ್ಟಿದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಹಲವು ಪಾಠಗಳು ಕನ್ನಡ ಧ್ವನಿಯಲ್ಲೂ ಸಿಗುತ್ತವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋರ್ಸ್ ಸಿಎಸ್50 ಉಚಿತ, ಆದರೆ ಕೆಲಸಕ್ಕೆ ಹೋಗುವವರಿಗೆ ಅದರ ವೇಗ ಜಾಸ್ತಿ. ಒಂದು ವಾರದ ಪಾಠವನ್ನು ಮೂರು ವಾರಕ್ಕೆ ಎಳೆಯಿರಿ. ಫ್ರೀಕೋಡ್‌ಕ್ಯಾಂಪ್ ಅನ್ನುವ ವೆಬ್‌ಸೈಟಿನಲ್ಲಿ ಸಣ್ಣ ಸಣ್ಣ ಹಂತಗಳಿರುವುದರಿಂದ 20 ನಿಮಿಷದವರಿಗೆ ಒಗ್ಗುತ್ತದೆ. ಐಐಟಿ, ಐಐಎಸ್‌ಸಿಯವರ ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್‌ನಲ್ಲಿ 4, 8, 12 ವಾರದ ಕೋರ್ಸುಗಳಿವೆ. ಕಲಿಯುವುದು ಉಚಿತ, ಸರ್ಟಿಫಿಕೇಟ್ ಬೇಕಾದರೆ ಪರೀಕ್ಷೆಗೆ ಹಣ ಕಟ್ಟಬೇಕು. ಗಡುವು ಇದ್ದರೆ ಮಾತ್ರ ಕೆಲಸ ಮಾಡುವ ಸ್ವಭಾವ ನಿಮ್ಮದಾದರೆ ಆ ಪರೀಕ್ಷೆಗೆ ಹೆಸರು ಕೊಡಿ.

ಹಣ ಕೊಟ್ಟು ಸೇರುವುದೇ ಆದರೆ ಒಂದು ಮಾತು ಕೇಳಿ: ನಾನು ಬರೆದ ಕೋಡನ್ನು ಯಾರು ಓದಿ ತಿದ್ದುತ್ತಾರೆ? ಉತ್ತರ ಸ್ಪಷ್ಟವಾಗಿ ಬರದಿದ್ದರೆ ಹಣ ಕಟ್ಟಬೇಡಿ.

ಎಐ ಕೇಳಿದ ಕೂಡಲೇ ಕೋಡ್ ಬರೆದುಕೊಡ್ತದೆ. ಇನ್ನು ಕಲಿತು ಏನು?

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಪ್ರಶ್ನೆ ತಪ್ಪಿದ್ದಿಲ್ಲ. ಅದು ಬರೆದುಕೊಡುತ್ತದೆ, ನಿಜ. ಆದರೆ ಮೇಲೆ ಹೇಳಿದ ನವೆಂಬರ್, ಫೆಬ್ರವರಿ ತಪ್ಪು ಅದರ ಕೋಡಿನಲ್ಲೂ ನುಸುಳಬಹುದು. ಎರರ್ ಬರುವುದಿಲ್ಲ, ಪಟ್ಟಿ ಚಂದವಾಗಿ ಬರುತ್ತದೆ, ಹಳೆಯ ಔಷಧಿ ಕಪಾಟಿನಲ್ಲೇ ಉಳಿಯುತ್ತದೆ. ಅದನ್ನು ಕಂಡುಹಿಡಿಯಲು ಕೋಡ್ ಓದಲು ಬರಬೇಕು.

ಕಲಿಯುವವರು ಹೀಗೆ ಬಳಸಿ: ಮೊದಲು ಹತ್ತು ನಿಮಿಷ ನೀವೇ ಒದ್ದಾಡಿ. ಆಮೇಲೆ "ಬರೆದುಕೊಡು" ಅನ್ನಬೇಡಿ, "ಈ ಎರರ್ ಯಾಕೆ ಬಂತು, ಕನ್ನಡದಲ್ಲಿ ಹೇಳು" ಅಂತ ಕೇಳಿ. ಉತ್ತರ ಓದಿ, ಆ ಕಿಟಕಿ ಮುಚ್ಚಿ, ನೀವೇ ಟೈಪ್ ಮಾಡಿ. ಹತ್ತಿರದಲ್ಲಿ ಕೇಳಲು ಯಾರೂ ಇಲ್ಲದ, ರಾತ್ರಿ ಹತ್ತಕ್ಕೆ ಕೂರುವ ಒಬ್ಬರಿಗೆ ಇದು ದೊಡ್ಡ ಸಹಾಯ. ಹತ್ತು ವರ್ಷದ ಹಿಂದೆ ಕಲಿತವರಿಗೆ ಇದು ಇರಲಿಲ್ಲ.

ಆಫೀಸಿನ ಕಂಪ್ಯೂಟರಿನಲ್ಲಿ ಕಲಿಯಬಹುದಾ?

ಕೇಳಿ ಮಾಡಿ. ಅನುಮತಿ ಇಲ್ಲದೆ ಸಾಫ್ಟ್‌ವೇರ್ ಹಾಕಬೇಡಿ. ಗ್ರಾಹಕರ ಹೆಸರು, ಖಾತೆ ನಂಬರ್, ರೋಗಿಗಳ ವಿವರ ಇರುವ ಫೈಲನ್ನು ಮನೆಗೆ ತರಲೇಬಾರದು, ಎಐಗೆ ಅಂಟಿಸಲೂಬಾರದು. ಅಭ್ಯಾಸಕ್ಕೆ ಅದೇ ರೀತಿಯ ಸುಳ್ಳು ಪಟ್ಟಿ ಮಾಡಿಕೊಳ್ಳಿ.

ಎಷ್ಟು ದಿನದಲ್ಲಿ ಕೆಲಸ ಸಿಗ್ತದೆ?

ಮೊದಲು ಹೇಳಿದ ವರ್ಷದ ಆ 170 ಗಂಟೆಯಲ್ಲಿ ಡೆವಲಪರ್ (ಪ್ರೋಗ್ರಾಂ ಬರೆಯುವವರ) ಕೆಲಸ ಸಿಗುತ್ತದೆ ಅಂತ ನಾನು ಹೇಳಲಾರೆ. ಯಾರಾದರೂ ಹೇಳಿದರೆ ನಂಬಬೇಡಿ. ಅದೇ ವೇಗದಲ್ಲಿ ಎರಡು ಮೂರು ವರ್ಷ ಬೇಕು, ತೋರಿಸಲು ನೀವೇ ಮಾಡಿದ ನಾಲ್ಕೈದು ಕೆಲಸ ಬೇಕು. ನಮ್ಮ ಕಡೆ ಅವಕಾಶ ಇಲ್ಲ ಅಂತಲ್ಲ. ಇನ್ಫೋಸಿಸ್ ಮಂಗಳೂರಿನಲ್ಲಿದೆ, ರೋಬೋಸಾಫ್ಟ್ ಹುಟ್ಟಿದ್ದೇ ಉಡುಪಿಯಲ್ಲಿ, ಸಣ್ಣ ಕಂಪನಿಗಳೂ ಇವೆ. ಆದರೆ ಮೊದಲ ಬದಲಾವಣೆ ಹೆಚ್ಚಾಗಿ ಈಗಿರುವ ಕೆಲಸದ ಒಳಗೇ ಬರುತ್ತದೆ. ರಿಪೋರ್ಟ್ ತಯಾರಿಸುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ, ಕಂಪ್ಯೂಟರ್ ವಿಭಾಗದವರ ಜೊತೆ ಮಾತಾಡಲು ನಿಮ್ಮನ್ನು ಕಳಿಸುತ್ತಾರೆ. ಕೈಯಲ್ಲಿರುವ ಕೆಲಸ ಬಿಟ್ಟು ಕಲಿಯಲು ಕೂರುವ ಯೋಚನೆ ಇದ್ದರೆ, ಮನೆಯ ಒಂದು ವರ್ಷದ ಖರ್ಚು ಪಕ್ಕಕ್ಕಿಟ್ಟ ಮೇಲೆ ಮಾತ್ರ ಮಾಡಿ.

ಬರೆದ ಪ್ರೋಗ್ರಾಂಗಳನ್ನು ಎಲ್ಲಿ ಇಡುವುದು?

ಮೊದಲ ತಿಂಗಳು ಡೆಸ್ಕ್‌ಟಾಪಿನ ಒಂದೇ ಫೋಲ್ಡರ್, ಅದರ ಒಂದು ನಕಲು ಗೂಗಲ್ ಡ್ರೈವ್‌ನಲ್ಲಿ. ಆಮೇಲೆ ಗಿಟ್ ಕಲಿಯಿರಿ, ಅದು ಪ್ರೋಗ್ರಾಂನ ಒಂದೊಂದು ಬದಲಾವಣೆಯ ದಾಖಲೆ ಇಡುವ ಸಾಧನ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕಾಗಿ ಮಾಡಿದ್ದು, ಈಗ ಎಲ್ಲರೂ ಬಳಸುತ್ತಾರೆ. ಪ್ರತಿ ಸಲ ಅದರಲ್ಲಿ ದಾಖಲಿಸುವಾಗ ಏನು ಬದಲಾಯಿತು ಅಂತ ಒಂದು ಸಾಲು ಬರೆಯಲು ಅದು ಕೇಳುತ್ತದೆ. ಗಿಟ್‌ಹಬ್ ಅನ್ನುವ ವೆಬ್‌ಸೈಟಿನಲ್ಲಿ ಖಾತೆ ತೆರೆದು ಅಲ್ಲಿ ಇಟ್ಟರೆ ಮನೆಯ ಲ್ಯಾಪ್‌ಟಾಪಿನಿಂದಲೂ, ಬೇರೆ ಕಡೆಯ ಕಂಪ್ಯೂಟರಿನಿಂದಲೂ ತೆರೆಯಬಹುದು. ಪಾಸ್‌ವರ್ಡ್‌ಗಳನ್ನು, ಅಂಗಡಿಯ ನಿಜವಾದ ಪಟ್ಟಿಯನ್ನು ಮಾತ್ರ ಅಲ್ಲಿಗೆ ಹಾಕಬೇಡಿ.